ಕೆರೆಯ ದಡದ ಬೇಸಿಗೆ ಉತ್ಸವಗಳು: ಒಂದು ವಿಮರ್ಶೆ

೧

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಪಲ್ಲಡದ ಬಯಲು ಕಾದ ಹಂಚಿನಂತಾಗುತ್ತದೆ. ಇದು ಹೊಳೆಯ ಸೀಮೆಯಲ್ಲ, ಬಾವಿಯ ಸೀಮೆ. ಬಾವಿಯ ತಳ ಕಾಣಿಸಿಕೊಂಡಾಗ ಜನ ಬೆಟ್ಟದ ಕಡೆಗೆ ಕಣ್ಣೆತ್ತಿ ನೋಡುವುದು ಹಿಂದಿನಿಂದ ಬಂದ ವಾಡಿಕೆ. ಶಾಲೆಗಳಿಗೆ ರಜೆ ಬಿಟ್ಟೊಡನೆ ಕೈಯಲ್ಲಿ ನಾಲ್ಕು ಕಾಸಿರುವವರು ಮೆಟ್ಟುಪಾಳ್ಯದ ದಾರಿ ಹಿಡಿದು ಉದಕಮಂಡಲಕ್ಕೆ ಏರುತ್ತಾರೆ. ಅಷ್ಟು ಅನುಕೂಲವಿಲ್ಲದವರು ಅವಿನಾಶಿಯ ತೇರಿಗೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಬೆಂಗಳೂರಿನಲ್ಲಿ ನಂಟರಿರುವವರು ಕರಗದ ಹೊತ್ತಿಗೆ ಅಲ್ಲಿಗೆ ತೆರಳುವುದೂ ಉಂಟು. ಈ ಮೂರು ಉತ್ಸವಗಳಿಗೂ ಒಂದು ಸಮಾನವಾದ ಅಂಶವಿದೆ. ಮೂರೂ ಬೇಸಿಗೆಯವು, ಮೂರರ ಬುಡದಲ್ಲಿಯೂ ಒಂದೊಂದು ಕೆರೆಯಿದೆ.

ಪುಸ್ತಕವನ್ನು ವಿಮರ್ಶಿಸುವುದು ನಮಗೆ ರೂಢಿಯಾಗಿದೆ. ಉತ್ಸವವನ್ನು ವಿಮರ್ಶಿಸುವ ರೂಢಿ ಅಷ್ಟಾಗಿ ಬೆಳೆದಿಲ್ಲ. ಪತ್ರಿಕೆಯವರು ಬಂದ ಜನರನ್ನು ಎಣಿಸುತ್ತಾರೆ, ಅಧಿಕಾರಿಗಳು ವೆಚ್ಚವನ್ನು ಎಣಿಸುತ್ತಾರೆ, ಉಳಿದವರು ಚೆನ್ನಾಗಿತ್ತೆಂದೋ ನೂಕುನುಗ್ಗಲೆಂದೋ ಹೇಳಿ ಸುಮ್ಮನಾಗುತ್ತಾರೆ. ಆದರೆ ಉತ್ಸವವೂ ಒಂದು ಕೃತಿಯೇ. ಅದಕ್ಕೆ ವಸ್ತುವಿದೆ, ಬಂಧವಿದೆ, ಪಾತ್ರಧಾರಿಗಳಿದ್ದಾರೆ, ಅದನ್ನು ಗ್ರಹಿಸುವ ಸಹೃದಯರಿದ್ದಾರೆ. ಅದು ಯಾರ ಮಾತಿನಲ್ಲಿ ರಚಿತವಾಗಿದೆ, ಯಾರನ್ನು ಉದ್ದೇಶಿಸಿದೆ, ಯಾರನ್ನು ಹೊರಗೆ ನಿಲ್ಲಿಸಿದೆ ಎಂಬ ಪ್ರಶ್ನೆಗಳು ಕಾವ್ಯಕ್ಕೆ ಎಷ್ಟು ಸಲ್ಲುತ್ತವೆಯೋ ಉತ್ಸವಕ್ಕೂ ಅಷ್ಟೇ ಸಲ್ಲುತ್ತವೆ.

ಪ್ರಕೃತ ಲೇಖನದಲ್ಲಿ ನಾವು ಇಟ್ಟುಕೊಂಡಿರುವ ಒರೆಗಲ್ಲು ಒಂದೇ. ಆ ಕೆರೆಯ ಸುತ್ತಿನ ಜನರ ಮಾತಿಗೆ ಆ ಉತ್ಸವದಲ್ಲಿ ಏನಾದರೂ ಕೆಲಸವಿದೆಯೇ? ಅವರ ಮಾತನ್ನು ಉತ್ಸವದಿಂದ ತೆಗೆದುಹಾಕಿದರೆ ಉತ್ಸವ ನಿಲ್ಲುತ್ತದೆಯೋ, ಏನೂ ಆಗದಂತೆ ಮುಂದೆ ಸಾಗುತ್ತದೆಯೋ?

ಗಡಿಯ ಉಪಾಧ್ಯಾಯರಿಗೆ ಈ ಪ್ರಶ್ನೆ ಬರಿಯ ರಸವಿಚಾರವಲ್ಲ. ಕೊಯಮತ್ತೂರು, ತಿರುಪ್ಪೂರು, ಪಲ್ಲಡಗಳ ಸುತ್ತ ನೇಕಾರಿಕೆಯನ್ನು ಅವಲಂಬಿಸಿದ ದೇವಾಂಗರೇ ಮೊದಲಾದ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಎರಡೂ ಬೆರೆತ ನುಡಿ; ಮಗು ಬೆಳೆಯುವುದು ಹೀಗೆ. ಶಾಲೆಯಲ್ಲಿ ಸ್ಥಾನವಿಲ್ಲದ ಮಾತಿಗೆ ಉಳಿಯುವ ಆಶ್ರಯಗಳು ಮೂರು: ಮನೆ, ಕಸುಬು, ಹಬ್ಬ. ಮನೆಯ ಮಾತು ಮದುವೆ, ವಲಸೆ, ಚಲನಚಿತ್ರಗಳಿಂದ ದಿನೇ ದಿನೇ ತೆಳುವಾಗುತ್ತಿದೆ. ಕಸುಬಿನ ವಿಷಯವನ್ನು ನೋಡೋಣ. ಕೈಮಗ್ಗದ ಲಾಳಿಯ ಓಟಕ್ಕೆ ಹಾಡು ಹೊಂದಿಕೊಳ್ಳುತ್ತಿತ್ತು. ಹೆಂಗಸರು ನೂಲು ಸುತ್ತುತ್ತ, ಗಂಡಸರು ನೇಯುತ್ತ ಮಾತಾಡಿಕೊಳ್ಳಲು ಅವಕಾಶವಿತ್ತು. ೧೯೩೨ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಕೊಯಮತ್ತೂರಿನ ಬಯಲಿಗೆ ಇಳಿದು ಬಂದ ಮೇಲೆ ಗಿರಣಿಗಳು ಬೆಳೆದವು. ಮುಂದೆ ಪಲ್ಲಡ, ಸೋಮನೂರುಗಳ ಸುತ್ತ ವಿದ್ಯುನ್ಮಗ್ಗಗಳು ನೆಲೆಯೂರಿದವು. ವಿದ್ಯುನ್ಮಗ್ಗದ ಕೊಟ್ಟಿಗೆಯಲ್ಲಿ ಪಕ್ಕದವನ ಕೂಗೇ ಕೇಳಿಸದು, ಹಾಡಿನ ಮಾತೆಲ್ಲಿ? ಆದುದರಿಂದ ಮೂರನೆಯ ಆಶ್ರಯವಾದ ಹಬ್ಬದ ಮೇಲೆ ಈಗ ಹೆಚ್ಚಿನ ಭಾರ ಬಿದ್ದಿದೆ. ಆ ಭಾರವನ್ನು ನಮ್ಮ ಬೇಸಿಗೆಯ ಹಬ್ಬಗಳು ಹೊರಬಲ್ಲವೇ ಎಂಬುದೇ ಇಲ್ಲಿಯ ಚರ್ಚೆ.

೨

ಮೊದಲು ಬೆಟ್ಟದ ಮೇಲಿನ ಕೆರೆಯನ್ನು ನೋಡೋಣ. ಇಂದಿನ ನೀಲಗಿರಿ ಜಿಲ್ಲೆ ೧೮೬೮ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ ೧೮೧೯ರಲ್ಲಿ ಬೆಟ್ಟವೇರಿ, ಅಲ್ಲಿ ಮನೆ ಕಟ್ಟಿಸಿ, ೧೮೨೪ರ ಸುಮಾರಿಗೆ ತೊರೆಗಳಿಗೆ ಅಡ್ಡಗಟ್ಟೆ ಹಾಕಿಸಿ ಕೆರೆ ಮಾಡಿಸಿದನು. ಉದಕಮಂಡಲದ ಕೆರೆ ಹೀಗೆ ಹೊರಗಿನವರ ಇಚ್ಛೆಯಿಂದ ಹುಟ್ಟಿದ ಕೆರೆ. ಅಂದು ಅದು ಇಂದಿಗಿಂತ ಬಹಳ ದೊಡ್ಡದಾಗಿತ್ತು. ಕುದುರೆ ಜೂಜಿನ ಮೈದಾನ, ಬಸ್ಸು ನಿಲ್ದಾಣಗಳು ಇರುವ ನೆಲವೆಲ್ಲ ಒಂದು ಕಾಲಕ್ಕೆ ಅದರ ಒಡಲೇ. ೧೯೭೩ರಲ್ಲಿ ಪ್ರವಾಸೋದ್ಯಮ ಇಲಾಖೆ ಅದನ್ನು ವಹಿಸಿಕೊಂಡು ದೋಣಿವಿಹಾರವನ್ನು ನಡೆಸಲಾರಂಭಿಸಿತು.

ಅಲ್ಲಿಯ ಬೇಸಿಗೆ ಉತ್ಸವವೂ ಅದೇ ಜಾತಕದ್ದು. ೧೮೪೮ರಲ್ಲಿ ಮೆಕೈವರ್ ಎಂಬ ತೋಟಗಾರನ ಕೈಯಲ್ಲಿ ರೂಪುಗೊಳ್ಳತೊಡಗಿದ ಸಸ್ಯೋದ್ಯಾನದಲ್ಲಿ ಪುಷ್ಪಪ್ರದರ್ಶನ ಆರಂಭವಾದುದು ೧೮೯೬ರಲ್ಲಿ ಎಂದು ಹೇಳುತ್ತಾರೆ. ೨೦೨೫ರ ಮೇ ತಿಂಗಳಲ್ಲಿ ನಡೆದುದು ೧೨೭ನೆಯದು. ಮೇ ತಿಂಗಳಲ್ಲಿ ಇದರ ಸುತ್ತಮುತ್ತ ಕೂನೂರಿನ ಸಿಮ್ಸ್ ಉದ್ಯಾನದ ಹಣ್ಣಿನ ಪ್ರದರ್ಶನ, ಕೋತಗಿರಿಯ ತರಕಾರಿ ಪ್ರದರ್ಶನ, ಗೂಡಲೂರಿನ ಸಂಬಾರ ಪದಾರ್ಥಗಳ ಪ್ರದರ್ಶನ, ಉದಕಮಂಡಲದ ಗುಲಾಬಿ ಪ್ರದರ್ಶನ, ಕೆರೆಯ ಮೇಲೆ ದೋಣಿಯೋಟ, ಸಂಜೆಯ ಹೊತ್ತು ಸಂಗೀತ ನೃತ್ಯಗಳು ಜೋಡಿಸಲ್ಪಡುತ್ತವೆ. ಜನಸಂದಣಿ ಎಷ್ಟೆಂದರೆ, ಮದರಾಸು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ೨೦೨೪ರ ಮೇ ೭ರಿಂದ ಬೆಟ್ಟವೇರುವ ವಾಹನಗಳು ಮೊದಲೇ ರಹದಾರಿ ಪಡೆಯಬೇಕಾಯಿತು.

ಈ ಉತ್ಸವದ ಗುಣವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಪುಷ್ಪಪ್ರದರ್ಶನವೆಂದರೆ ತಿಂಗಳುಗಟ್ಟಲೆ ನಡೆದ ದುಡಿಮೆಯ ಫಲ. ಕುಂಡ ಕುಂಡಕ್ಕೂ ಮಣ್ಣು ಹದಮಾಡಿ, ಹಿಮದ ರಾತ್ರಿಗಳಲ್ಲಿ ಸಸಿಗಳಿಗೆ ಮರೆ ಕಟ್ಟಿ, ಮೇ ತಿಂಗಳ ಒಂದು ವಾರಕ್ಕೆ ಸರಿಯಾಗಿ ಹೂ ಅರಳುವಂತೆ ಲೆಕ್ಕ ಹಾಕುವ ಮಾಲಿಗಳ ಕೈಚಳಕ ಯಾವ ಕುಶಲಕಲೆಗೂ ಕಡಮೆಯದಲ್ಲ. ಬಯಲಿನ ಮಗುವೊಂದು ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ಕಡೆ ಅಷ್ಟು ಬಣ್ಣಗಳನ್ನು ನೋಡುವುದೂ ಒಂದು ಶಿಕ್ಷಣವೇ. ಇದನ್ನು ಅಲ್ಲಗಳೆಯುವ ವಿಮರ್ಶೆ ಹೊಟ್ಟೆಕಿಚ್ಚಿನದಾಗುತ್ತದೆ.

ಆದರೆ ಒರೆಗಲ್ಲಿಗೆ ಹಚ್ಚಿ ನೋಡಿದಾಗ ಉತ್ಸವದ ಬಣ್ಣ ಬೇರೆಯಾಗುತ್ತದೆ. ಆ ಬೆಟ್ಟದಲ್ಲಿ ತೋಡರು, ಕೋತರು, ಕುರುಂಬರು, ಇರುಳರು, ಬಡಗರು ಶತಮಾನಗಳಿಂದ ಬಾಳುತ್ತ ಬಂದಿದ್ದಾರೆ. ಉತ್ಸವದ ವೇದಿಕೆಯ ಮೇಲೆ ಅವರಿಗೂ ಸ್ಥಳವಿಲ್ಲದೆ ಇಲ್ಲ. ಬಿಳಿಯ ಉಡುಗೆಯ ಬಡಗರು ವರ್ತುಲವಾಗಿ ಕುಣಿಯುವುದನ್ನು ಪ್ರವಾಸಿಗಳು ಮೆಚ್ಚುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಕುಣಿತದ ಜೊತೆಗೆ ಬಂದ ಹಾಡಿನ ಅರ್ಥವೇನು, ಅದು ಯಾವ ಸಂದರ್ಭದ್ದು, ಯಾರು ಕಟ್ಟಿದರು ಎಂಬುದು ನೋಡುವವನಿಗೆ ಬೇಕಾಗುವುದಿಲ್ಲ. ಏಕೆಂದರೆ ಉತ್ಸವದ ಬಂಧದಲ್ಲಿ ಆ ಕುಣಿತ ಹೂವಿನ ಕುಂಡಗಳ ಸಾಲಿನಲ್ಲಿ ಇನ್ನೊಂದು ಕುಂಡ. ನಾಳೆ ಅದನ್ನು ಎತ್ತಿಟ್ಟು ಬೇರೆ ಪ್ರಾಂತದ ನೃತ್ಯವೊಂದನ್ನು ತಂದಿಟ್ಟರೂ ಉತ್ಸವಕ್ಕೆ ಊನವಾಗದು. ಕಣ್ಣಿಗೆ ಅಲ್ಲಿ ಎಷ್ಟು ಬೇಕಾದರೂ ಕೆಲಸವಿದೆ, ಕಿವಿಗೆ ಕೆಲಸವಿಲ್ಲ.

೩

ಕಿವಿಗೆ ಕೆಲಸ ಕೊಟ್ಟವರು ಏನನ್ನು ಕೇಳಿದರೆಂಬುದನ್ನು ನೆನೆದಾಗ ಈ ಕೊರತೆಯ ಅಳತೆ ಸಿಕ್ಕುತ್ತದೆ. ಬಡಗರೆಂದರೆ ಹೆಸರೇ ಹೇಳುವಂತೆ ಬಡಗಣ ದಿಕ್ಕಿನಿಂದ, ಎಂದರೆ ಮೈಸೂರಿನ ಬಯಲಿನಿಂದ ಬೆಟ್ಟವೇರಿದವರು. ೧೬೦೩ರಲ್ಲಿ ಮಲೆಯಾಳದ ಕಡೆಯಿಂದ ಬೆಟ್ಟವೇರಿದ ಫೆನಿಸಿಯೊ ಎಂಬ ಜೆಸ್ವಿಟ್ ಪಾದ್ರಿ ಅಲ್ಲಿ ಬಡಗರನ್ನೂ ತೋಡರನ್ನೂ ಕಂಡುದನ್ನು ಬರೆದಿಟ್ಟಿದ್ದಾನೆ. ೧೮೭೧ರಲ್ಲಿ ದಕ್ಷಿಣ ಹಿಂದೂಸ್ಥಾನದ ಜನಪದ ಗೀತೆಗಳನ್ನು ಪ್ರಕಟಿಸಿದ ಚಾರ್ಲ್ಸ್ ಗೋವರ್ ಕನ್ನಡ, ಕೊಡವ ಹಾಡುಗಳ ಜೊತೆಗೆ ಬಡಗರ ಹಾಡುಗಳಿಗೂ ಒಂದು ಭಾಗವನ್ನು ಮೀಸಲಿಟ್ಟನು. ೧೮೯೦ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಬಡಗ ನುಡಿಯಲ್ಲಿ ಪುಸ್ತಕವೊಂದನ್ನು ಅಚ್ಚು ಹಾಕಿದರು. ೧೯೩೦ರ ದಶಕದಲ್ಲಿ ನೀಲಗಿರಿಯಲ್ಲಿ ಉಳಿದು ಕೆಲಸ ಮಾಡಿದ ಭಾಷಾವಿಜ್ಞಾನಿ ಎಮೆನೋ, ಬಡಗ ನುಡಿಯ ಸ್ವರಗಳ ಬಗ್ಗೆ ೧೯೩೯ರಲ್ಲಿ ಬರೆದ ಲೇಖನದಲ್ಲಿ, ನಾಲಗೆಯನ್ನು ಎರಡು ಬೇರೆ ಬೇರೆ ಪ್ರಮಾಣದಲ್ಲಿ ಮಡಿಸಿ ನುಡಿಯುವ ಸ್ವರಗಳನ್ನು ಗುರುತಿಸಿದನು. ಅಂಥ ಸ್ವರಭೇದ ಲೋಕದ ಭಾಷೆಗಳಲ್ಲಿಯೇ ಅಪೂರ್ವ. ಪಾಲ್ ಹಾಕಿಂಗ್ಸ್ ದಶಕಗಳ ಕಾಲ ಬಡಗರ ಚರಿತ್ರೆಯನ್ನು ಅಭ್ಯಸಿಸಿ, ೧೯೮೮ರಲ್ಲಿ ಅವರ ಗಾದೆ, ಪ್ರಾರ್ಥನೆ, ಶಕುನ, ಶಾಪಗಳ ದೊಡ್ಡ ಸಂಗ್ರಹವನ್ನೂ, ೧೯೯೨ರಲ್ಲಿ ಕ್ರಿಸ್ತಿಯಾನ್ ಪಿಲೋ ರಾಯಚೂರರೊಡನೆ ನಿಘಂಟನ್ನೂ ಹೊರತಂದರು.

ಬಡಗ ನುಡಿ ಕನ್ನಡದ ಉಪಭಾಷೆಯೇ, ಸ್ವತಂತ್ರ ಭಾಷೆಯೇ ಎಂಬ ವಿವಾದವಿದೆ. ಅದು ತಮ್ಮದೇ ಪ್ರತ್ಯೇಕ ಭಾಷೆಯೆಂದು ಬಡಗರಲ್ಲಿ ಅನೇಕರು ಹೇಳುತ್ತಾರೆ. ಆಡುವವರ ಅಭಿಪ್ರಾಯವನ್ನು ಗೌರವಿಸುವುದು ಕನ್ನಡಿಗರಿಗೆ ಶೋಭೆ. ಅಕ್ಕನೆನ್ನಿ, ತಂಗಿಯೆನ್ನಿ, ರಕ್ತಸಂಬಂಧವಂತೂ ತಪ್ಪದು. ಹಳೆಯ ಸ್ವರಸಂಪತ್ತು, ಗಾದೆ, ಶಾಪ, ಹರಕೆ, ಸಾವಿನ ಸಮಯದ ದೀರ್ಘ ಪಠಣ ಇವೆಲ್ಲವನ್ನೂ ಹೊತ್ತ ನುಡಿ ಕೆರೆಯ ಸುತ್ತಣ ಊರುಗಳಲ್ಲಿ ಜೀವಂತವಾಗಿದೆ. ಬೇಸಿಗೆಯ ಉತ್ಸವಕ್ಕೆ ಅದರ ಕುಪ್ಪಸ ಮಾತ್ರ ಬೇಕಾಗಿದೆ.

ಬಡಗರ ಸ್ವಂತ ಹಬ್ಬದೊಡನೆ ಹೋಲಿಸಿದರೆ ವ್ಯತ್ಯಾಸ ಇನ್ನೂ ಸ್ಫುಟವಾಗುತ್ತದೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೇರಗಣಿ ಮೊದಲಾದ ಊರುಗಳಲ್ಲಿ ಹೆತ್ತೆಯ ಹಬ್ಬ ನಡೆಯುತ್ತದೆ. ಹೆತ್ತೆಯೆಂದರೆ ಕುಲದ ಅಜ್ಜಿ, ದೇವತೆಯಾದ ಹಿರಿಯಳು. ಅಲ್ಲಿಯೂ ಅದೇ ಬಿಳಿಯ ಉಡುಗೆ, ಅದೇ ವರ್ತುಲದ ಕುಣಿತ. ಆದರೆ ಅಲ್ಲಿ ಅಜ್ಜಿಯನ್ನು ಕರೆಯಬೇಕು, ಹರಕೆ ಹೇಳಬೇಕು, ಕಥೆಯನ್ನು ನೆನೆಯಬೇಕು. ಮಾತಿಲ್ಲದೆ ಆ ಹಬ್ಬ ಒಂದು ಹೆಜ್ಜೆಯೂ ಮುಂದೆ ಹೋಗದು. ಒಂದೇ ಕುಣಿತ ಒಂದು ಕಡೆ ಭಾಷೆಯನ್ನು ಬದುಕಿಸುತ್ತದೆ, ಇನ್ನೊಂದು ಕಡೆ ಮೂಕವಾಗಿ ನಿಲ್ಲುತ್ತದೆ. ದೋಷ ಕುಣಿತದ್ದಲ್ಲ, ಬಂಧದ್ದು.

ಪ್ರವಾಸಿಗಳಿಗೆ ಬಡಗ ನುಡಿ ತಿಳಿಯುವುದಿಲ್ಲ, ಹಾಡಿನ ಅರ್ಥ ಅವರಿಗೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹೂವಿನ ಹೆಸರೂ ಪ್ರವಾಸಿಗೆ ತಿಳಿದಿರುವುದಿಲ್ಲ. ಆದರೂ ಒಂದೊಂದು ಗಿಡಕ್ಕೂ ಲ್ಯಾಟಿನ್ ಹೆಸರಿನ ಫಲಕ ನೆಟ್ಟಿರುತ್ತಾರೆ. ಗಿಡಕ್ಕೆ ಸಿಕ್ಕಿದ ಮರ್ಯಾದೆ ಹಾಡಿಗೂ ಸಿಕ್ಕಲಿ ಎಂಬುದಷ್ಟೇ ನಮ್ಮ ಬೇಡಿಕೆ. ಹಾಡುವವರ ಊರು, ಹಾಡಿನ ಸಂದರ್ಭ, ನಾಲ್ಕು ಸಾಲಿನ ತಾತ್ಪರ್ಯ ಇಷ್ಟನ್ನು ಅಚ್ಚು ಹಾಕಿ ಹಂಚುವುದಕ್ಕೆ ಹೆಚ್ಚಿನ ವೆಚ್ಚವೇನೂ ಬಾರದು.

೪

ಈಗ ಬೆಟ್ಟ ಇಳಿದು ನಮ್ಮ ಬಯಲಿಗೆ ಬರೋಣ. ತಿರುಪ್ಪೂರಿಗೆ ಸಮೀಪದ ಅವಿನಾಶಿಯಲ್ಲಿ ಚಿತ್ತಿರೆ ಮಾಸದಲ್ಲಿ ಅವಿನಾಶಿಲಿಂಗೇಶ್ವರನ ದೊಡ್ಡ ತೇರು ಎಳೆಯುತ್ತಾರೆ. ಆ ಕ್ಷೇತ್ರದ ಮಹಿಮೆಗೆಲ್ಲ ಮೂಲ ಒಂದು ಕೆರೆಯ ಕಥೆ. ಇಬ್ಬರು ಹುಡುಗರು ಕೆರೆಯಲ್ಲಿ ಮೀಯುತ್ತಿದ್ದಾಗ ಮೊಸಳೆಯೊಂದು ಒಬ್ಬನನ್ನು ನುಂಗಿತು. ವರ್ಷಗಳು ಕಳೆದ ಮೇಲೆ ಬದುಕುಳಿದ ಹುಡುಗನಿಗೆ ಉಪನಯನ. ಒಂದು ಮನೆಯಲ್ಲಿ ಮಂಗಳವಾದ್ಯ, ಎದುರಿನ ಮನೆಯಲ್ಲಿ ಮಗನನ್ನು ನೆನೆದು ಅಳುವ ತಾಯಿತಂದೆ. ಆ ದಾರಿಯಾಗಿ ಬಂದ ಶಿವಶರಣ ಸುಂದರರ್ ಸಂಗತಿಯನ್ನು ಕೇಳಿ ತಿಳಿದು, ಕೆರೆಯ ದಡದಲ್ಲಿ ನಿಂತು ಹಾಡಿದನು. ಬತ್ತಿದ್ದ ಕೆರೆ ತುಂಬಿತೆಂದೂ, ಮೊಸಳೆ ಬಂದು ನುಂಗಿದ ಮಗುವನ್ನು ಕಾರಿಕೊಟ್ಟಿತೆಂದೂ, ಮಗು ಕಳೆದ ವರ್ಷಗಳಿಗೆ ತಕ್ಕಂತೆ ಬೆಳೆದೇ ಹೊರಬಂದಿತೆಂದೂ ಸ್ಥಳದವರು ಹೇಳುತ್ತಾರೆ. ಈ ಕಥೆ ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ಪೆರಿಯಪುರಾಣದಲ್ಲಿಯೂ ಬಂದಿದೆ.

ನಮ್ಮ ಒರೆಗಲ್ಲಿಗೆ ಅವಿನಾಶಿಯ ಉತ್ಸವ ಚೆನ್ನಾಗಿಯೇ ನಿಲ್ಲುತ್ತದೆ. ಇಲ್ಲಿ ಕೆರೆ ಕಥೆಗೆ ಬೇಕು, ಕಥೆ ಹಾಡಿಗೆ ಬೇಕು, ಹಾಡು ತೇರಿಗೆ ಬೇಕು. ಸುಂದರರ ದೇವಾರವನ್ನು ಓದುವಾರರು ಇಂದಿಗೂ ಸನ್ನಿಧಿಯಲ್ಲಿ ಹಾಡುತ್ತಾರೆ. ಆ ತಮಿಳನ್ನು ತೆಗೆದುಬಿಟ್ಟರೆ ತೇರು ಬರಿಯ ಮರದ ಬೆಟ್ಟ. ನೆಲದ ಮಾತಿಗೆ ಇಲ್ಲಿ ಅತ್ಯಂತ ಘನವಾದ ಕೆಲಸವಿದೆ: ನುಂಗಿಹೋದುದನ್ನು ಮರಳಿ ತರುವ ಕೆಲಸ. ತೇರಿನ ಗಾತ್ರವನ್ನು ಮಾತ್ರ ಕೊಂಡಾಡಿ ಮನೆಗೆ ಮರಳುವವರು ಹೆಚ್ಚುತ್ತಿದ್ದರೆ ಅದು ನೋಡುವವರ ಕೊರತೆ.

ಆದರೆ ತೇರಿನ ಹಗ್ಗ ಹಿಡಿದವರಲ್ಲಿ ಕನ್ನಡ ಮನೆಮಾತಿನವರೂ ಇರುತ್ತಾರೆ. ಅವರ ಮಾತಿಗೆ ಇಲ್ಲಿ ಪಾಲಿಲ್ಲವೇ? ಮೇಲುನೋಟಕ್ಕೆ ಇಲ್ಲ. ಸಾಹಿತ್ಯ ಚರಿತ್ರೆಯನ್ನು ತೆರೆದು ನೋಡಿದರೆ ಉತ್ತರ ಬೇರೆಯೇ. ತಮಿಳರ ಸುಂದರರ್, ನಂಬಿ ಆರೂರರ್, ಕನ್ನಡಕ್ಕೆ ಅಪರಿಚಿತನಲ್ಲ. ಹಂಪೆಯ ಹರಿಹರ ಕವಿ ಅವನನ್ನು ನಂಬಿಯಣ್ಣನೆಂದು ಕರೆದು ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ತಮಿಳುನಾಡಿನ ಪುರಾತನರು ಎಂಟುನೂರು ವರ್ಷಗಳ ಹಿಂದೆಯೇ ಕನ್ನಡ ಕಾವ್ಯದಲ್ಲಿ ಮನೆ ಮಾಡಿಕೊಂಡರು. ಅವಿನಾಶಿಯ ಬೀದಿಯಲ್ಲಿ ನಿಂತ ಕನ್ನಡ ಮನೆಯ ಮಗುವಿಗೆ, ಈ ಸುಂದರರ್ ನಿನ್ನ ಮಾತಿನಲ್ಲಿ ನಂಬಿಯಣ್ಣ ಕಣಪ್ಪಾ ಎಂದು ಹೇಳುವವರಿದ್ದರೆ ಆ ತೇರು ಅದಕ್ಕೆ ಎರಡು ಕಡೆಯಿಂದ ಸ್ವಂತವಾಗುತ್ತದೆ. ತಮಿಳನ್ನು ತಳ್ಳಿ ಕನ್ನಡವನ್ನು ತರುವ ಪ್ರಶ್ನೆ ಇಲ್ಲಿಲ್ಲ. ಒಬ್ಬನೇ ಶರಣನಿಗೆ ಎರಡು ಭಾಷೆಗಳು ಹಾಕಿದ ಹಾರಗಳನ್ನು ಒಟ್ಟಿಗೆ ತೋರಿಸುವುದು ಗಡಿಯ ಉಪಾಧ್ಯಾಯನಿಗೆ ಮಾತ್ರ ಸಾಧ್ಯವಾದ ಪಾಠ. ಎರಡೂ ಕಡೆಯ ಪಂಡಿತರು ತಮ್ಮ ತಮ್ಮ ಅರ್ಧವನ್ನು ಬಲ್ಲರು. ಗಡಿಯವನು ಎರಡನ್ನೂ ಒಂದೇ ಬೀದಿಯಲ್ಲಿ ಕಾಣುತ್ತಾನೆ.

೫

ಮೂರನೆಯ ಕೆರೆ ಬೆಂಗಳೂರಿನದು. ಅದನ್ನು ಇಲ್ಲಿಗೆ ತರಲು ಕಾರಣವಿದೆ. ಬಡಗರು ಬಡಗಣಿಂದ ತಮಿಳು ಸೀಮೆಗೆ ಬಂದವರಾದರೆ, ಕರಗವನ್ನು ನಡೆಸುವ ತಿಗಳರ ಹೆಸರಿನಲ್ಲಿಯೇ ತಮಿಳಿನ ಗುರುತಿದೆ. ಹಳಗನ್ನಡದಲ್ಲಿ ತಿಗುಳವೆಂದರೆ ತಮಿಳು. ಒಬ್ಬರಿಗೆ ದಿಕ್ಕಿನಿಂದ ಹೆಸರು ಬಂದಿತು, ಇನ್ನೊಬ್ಬರಿಗೆ ನುಡಿಯಿಂದ. ಎರಡೂ ನೆರೆಯವರ ಕಣ್ಣಿನಿಂದ ಹುಟ್ಟಿದ ಹೆಸರುಗಳು. ಹೀಗಿರುವಲ್ಲಿ ಎರಡು ಸಮುದಾಯಗಳ ಬೇಸಿಗೆಯನ್ನು ಹೋಲಿಸುವುದು ಉಚಿತ.

ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವ ತಿಗಳರು ತೋಟಗಾರಿಕೆಯ ಜನ. ಬೆಂಗಳೂರಿನ ಕೆರೆಗಳ ಹಿನ್ನೀರು, ಕೆಳಪಾತಿಗಳಲ್ಲಿ ಹೂ ತರಕಾರಿ ಬೆಳೆದು ಪೇಟೆಗೆ ಒದಗಿಸಿದವರು. ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ ಅವರದು. ದ್ರೌಪದಿಯ ಶಕ್ತಿಯೆಂದು ನಂಬಲಾದ ಹೂವಿನ ಕರಗವನ್ನು ಸ್ತ್ರೀವೇಷದ ಪೂಜಾರಿ ಕೈಯಿಂದ ಮುಟ್ಟದೆ ತಲೆಯ ಮೇಲೆ ಹೊತ್ತು ಬೆಳಗಾಗುವವರೆಗೆ ಬೀದಿ ಸುತ್ತುತ್ತಾನೆ. ಬಿಚ್ಚುಗತ್ತಿ ಹಿಡಿದ ವೀರಕುಮಾರರು ಅವನ ಸುತ್ತ ನಡೆಯುತ್ತಾರೆ. ದಾರಿಯಲ್ಲಿ ಕಾಟನ್‌ಪೇಟೆಯ ಮಸ್ತಾನ್ 'ಸಾಹೇಬರ ದರ್ಗಾಕ್ಕೂ ಕರಗ ಹೋಗುತ್ತದೆ. ಅದಕ್ಕೆ ಮುಂಚೆ ಹಸಿಕರಗ ಬರುವುದು ಸಂಪಂಗಿ ಕೆರೆಯಿಂದ. ಶಕ್ತಿ ಹುಟ್ಟುವುದು ನೀರಿನ ಬಳಿಯಲ್ಲಿ ಎಂಬುದು ಈ ಆಚರಣೆಯ ಜೀವಾಳ.

ಆ ಸಂಪಂಗಿ ಕೆರೆ ಇಂದು ಇಲ್ಲ. ಅದರ ಬಹುಭಾಗವನ್ನು ಬತ್ತಿಸಿ ಕಂಠೀರವ ಕ್ರೀಡಾಂಗಣವನ್ನು ಕಟ್ಟಿದ್ದಾರೆ; ಕರಗದ ಪೂಜೆಗೆಂದು ಒಂದು ಕುಂಟೆ ಉಳಿದಿದೆ. ಸ್ಮೃತಿ ಶ್ರೀನಿವಾಸ ಅವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನ, ನಗರ ಮರೆತ ಭೂಗೋಳವನ್ನು ಈ ಉತ್ಸವ ಹೇಗೆ ನೆನಪಿನಲ್ಲಿಟ್ಟುಕೊಂಡಿದೆ ಎಂಬುದನ್ನು ವಿವರವಾಗಿ ನಿರೂಪಿಸುತ್ತದೆ. ಕೆರೆ ಹೋದರೂ ಉತ್ಸವ ಉಳಿಯಿತು. ಏಕೆ? ಆ ಜನರಿಲ್ಲದೆ ಕರಗವಿಲ್ಲ. ಪೂಜಾರಿ ಅವರವನು, ವೀರಕುಮಾರರು ಅವರ ಮಕ್ಕಳು, ದ್ರೌಪದಿಯ ಕಥೆ ಅವರ ಬಾಯಲ್ಲಿ ಬಂದದ್ದು. ಲಕ್ಷಗಟ್ಟಲೆ ಜನ ನೋಡಲು ಬಂದರೂ ಉತ್ಸವ ನೋಡುವವರಿಗಾಗಿ ನಡೆಯುವುದಿಲ್ಲ. ನೋಡುವವರು ಬಾರದಿದ್ದರೂ ಕರಗ ಹೊರಡಲೇಬೇಕು. ಉದಕಮಂಡಲದ ಉತ್ಸವದ ಬಗ್ಗೆ ಹಾಗೆ ಹೇಳಲಾಗದು.

ಇಷ್ಟಾದರೂ ಕರಗವನ್ನು ಆದರ್ಶವೆಂದು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಕೆರೆಯ ಕೆಳಗೆ ತೋಟ, ತೋಟದಲ್ಲಿ ತಿಗಳ, ತಿಗಳನ ತಲೆಯ ಮೇಲೆ ಕರಗ ಎಂಬ ಸರಪಳಿಯಲ್ಲಿ ಮೊದಲ ಕೊಂಡಿ ಕಳಚಿದೆ. ಕೆರೆಯ ನೀರಿನಿಂದ ಬದುಕುವವನು ಕೆರೆಗೆ ಕೈಮುಗಿಯುವುದಕ್ಕೂ, ನೆನಪಿಗಾಗಿ ಉಳಿಸಿದ ಕುಂಟೆಗೆ ಕೈಮುಗಿಯುವುದಕ್ಕೂ ವ್ಯತ್ಯಾಸವಿದೆ. ಉತ್ಸವ ಕೆರೆಯನ್ನು ನೆನಪಿಡಬಲ್ಲುದು, ಉಳಿಸಲಾರದು. ಈ ಎಚ್ಚರಿಕೆಯೊಡನೆ ಮತ್ತೆ ನಮ್ಮ ಊರಿಗೆ ಮರಳಬೇಕು.

೬

ನಮ್ಮ ಸೀಮೆಯ ನೀರೆಂದರೆ ನೊಯ್ಯಲ್ ಹೊಳೆ ಮತ್ತು ಅದನ್ನು ನಂಬಿದ ಕೆರೆಗಳ ಸಾಲು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕಶ್ಮಲದಿಂದ ಆ ಹೊಳೆ ಎಷ್ಟು ಕೆಟ್ಟಿತೆಂದರೆ, ೧೯೯೨ರಲ್ಲಿ ಕಟ್ಟಿದ ಒರತ್ತುಪಾಳ್ಯದ ಅಣೆಕಟ್ಟು ಬೆಳೆಗೆ ನೀರು ಕೊಡುವ ಬದಲು ಬಣ್ಣದ ನೀರಿನ ಮಡುವಾಯಿತು. ೨೦೧೧ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಕಶ್ಮಲವನ್ನು ಹೊರಬಿಡುವ ಕಾರ್ಖಾನೆಗಳನ್ನು ಮುಚ್ಚಿಸಬೇಕೆಂದು ಆಜ್ಞೆ ಮಾಡಿತು. ಈ ಕಥೆಯ ನಡುವೆ ಒಂದು ಶುಭವಾರ್ತೆಯೂ ಇದೆ. ತಿರುಪ್ಪೂರಿನ ಈಶಾನ್ಯಕ್ಕಿರುವ, ನಲ್ಲಾರ್ ಹಳ್ಳದ ನೀರನ್ನು ನಂಬಿದ ನಂಜರಾಯನ ಕೆರೆ ೨೦೨೨ರಲ್ಲಿ ಪಕ್ಷಿಧಾಮವಾಯಿತು. ೨೦೨೪ರ ಆಗಸ್ಟಿನಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೂ ಸೇರಿತು. ಸುಮಾರು ೧೨೬ ಹೆಕ್ಟೇರು ವಿಸ್ತಾರದ ಈ ಕೆರೆಯನ್ನು ಶತಮಾನಗಳ ಹಿಂದೆ ಈ ಸೀಮೆಯನ್ನಾಳಿದ ನಂಜರಾಯನೆಂಬ ದೊರೆ ದುರಸ್ತಿ ಮಾಡಿಸಿದನೆಂಬುದರಿಂದ ಆ ಹೆಸರು ಬಂದಿದೆ. ದೊರೆಯ ಚರಿತ್ರೆ ಹೇಗೂ ಇರಲಿ, ನಂಜರಾಯ ಎಂಬ ಹೆಸರು ಕನ್ನಡದ ಕಿವಿಗೆ ಮನೆಯ ಹೆಸರಿನಂತೆಯೇ ಕೇಳಿಸುತ್ತದೆ.

ಕೆರೆಯಿದೆ, ಹೆಸರಿದೆ, ಹಕ್ಕಿಗಳಿವೆ, ಬೇಸಿಗೆಯ ರಜೆಯಿದೆ. ಇನ್ನು ಬೇಕಾದುದು ಮಾತು. ಕನ್ನಡ ಮನೆಗಳ ಮಾತಿಗೆ ಈ ಸೀಮೆಯ ಹಬ್ಬಗಳಲ್ಲಿ ಎಷ್ಟು ಸ್ಥಳವಿದೆಯೆಂಬುದಕ್ಕೆ ಒಂದು ಉದಾಹರಣೆ ಸಾಕು. ಕೊಯಮತ್ತೂರಿನಲ್ಲಿ ವಿಜಯದಶಮಿಯ ದಿನ ದೇವಾಂಗರ ತರುಣರು ಚೌಡೇಶ್ವರಿಯ ಮುಂದೆ ಎದೆಗೆ ಕತ್ತಿ ಹಾಕಿಕೊಳ್ಳುವ ಅಲಗುಸೇವೆ ಪ್ರಸಿದ್ಧವಾದುದು. ಆಗ ಅವರು ಕೂಗುವ ಕೂಗು ‘ತೀಸುಕೋ ತಾಯೇ’ ಎಂಬುದು. ಸ್ವೀಕರಿಸು ತಾಯೇ ಎಂದು ಅರ್ಥ, ಕ್ರಿಯಾಪದ ತೆಲುಗಿನದು. ಕನ್ನಡವನ್ನೂ ತೆಲುಗನ್ನೂ ಮನೆಮಾತಾಗಿ ಉಳ್ಳ ಎರಡು ಶಾಖೆಗಳಿರುವ ಸಮುದಾಯದ ಚರಿತ್ರೆ ಈ ಒಂದು ಕೂಗಿನಲ್ಲಿ ಅಡಗಿದೆ. ತಮಿಳು ನಗರದ ನಡುಬೀದಿಯಲ್ಲಿ ಎರಡು ಮಾತುಗಳು ಎರಡು ಪದಗಳಷ್ಟಾದರೂ ಉಳಿದಿರುವುದು ಹಬ್ಬದ ದೆಸೆಯಿಂದ. ಹಬ್ಬದಲ್ಲಿ ಮಾತಿಗೆ ಕೆಲಸವಿದ್ದರೆ ಅದು ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಎರಡು ಪದಗಳ ಕೂಗು ಒಂದು ಭಾಷೆಯ ಬಾಳಿಗೆ ಸಾಲದು.

ಕೇಳುವ ಕಿವಿಯಿದ್ದರೆ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನಗಳು ಹತ್ತಿರದಲ್ಲಿಯೇ ಇವೆ. ಕಾಂಗೇಯದ ಸಮೀಪದ ಹಳ್ಳಿಯಲ್ಲಿದ್ದುಕೊಂಡು ಅಧ್ಯಯನ ನಡೆಸಿದ ಬ್ರೆಂಡಾ ಬೆಕ್ ೧೯೬೫ರಲ್ಲಿ ಕೊಂಗುನಾಡಿನ ಅಣ್ಣನ್ಮಾರ್ ಕಥೆಯನ್ನು ಹದಿನೆಂಟು ರಾತ್ರಿಗಳ ಕಾಲ ಹಾಡಿಸಿ ಧ್ವನಿಮುದ್ರಿಸಿಕೊಂಡರು. ಕೊಂಗು ತಮಿಳಿನ ಆ ಮಹಾಕಥೆ ಲೋಕದ ವಿದ್ವಾಂಸರ ಗಮನಕ್ಕೆ ಬಂದುದು ಹೀಗೆ. ಇನ್ನೊಂದು ನಿದರ್ಶನ ಕೊಳ್ಳೇಗಾಲದ್ದು. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲವೂ ಪಲ್ಲಡದಂತೆ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಸೇರಿತು. ಅಲ್ಲಿಯ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆಯ ಮಾದೇಶ್ವರನ ಕಾವ್ಯ ೧೯೭೦ರ ದಶಕದಲ್ಲಿ ಪಿ. ಕೆ. ರಾಜಶೇಖರ ಅವರ ಸಂಗ್ರಹದಿಂದ ಕನ್ನಡ ಸಾಹಿತ್ಯದ ಮುಖ್ಯ ಗ್ರಂಥಗಳ ಸಾಲಿಗೆ ಬಂದಿತು. ಒಂದೇ ಜಿಲ್ಲೆಯ ಎರಡು ಸಂಪತ್ತುಗಳು. ಕೇಳಿದವರಿದ್ದುದರಿಂದ ಎರಡೂ ಉಳಿದವು. ಪಲ್ಲಡದ ಮಗ್ಗದ ಮನೆಯ ಮುದುಕಿಯರ ಹಾಡಿಗೂ ಅಂಥ ಕಿವಿ ಬೇಕು. ಆ ಕಿವಿ ಹೊರದೇಶದಿಂದ ಬರಲೆಂದು ಕಾಯುವ ಅಗತ್ಯವಿಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ಉಪಾಧ್ಯಾಯನಿದ್ದಾನೆ, ಪ್ರತಿಯೊಬ್ಬ ಹುಡುಗನ ಮನೆಯಲ್ಲಿಯೂ ಅಜ್ಜಿಯಿದ್ದಾಳೆ, ಈಗಂತೂ ಧ್ವನಿ ಮುದ್ರಿಸುವ ಯಂತ್ರ ಎಲ್ಲರ ಜೇಬಿನಲ್ಲಿದೆ.

ಆದುದರಿಂದ ನಮ್ಮ ವಿಮರ್ಶೆಯನ್ನು ಕೆಲವು ಸೂಚನೆಗಳಾಗಿ ಇಳಿಸುವುದು ಕರ್ತವ್ಯ. ಬೇಸಿಗೆಯ ರಜೆಯಲ್ಲಿ ಕನ್ನಡ ಮನೆಯ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಒಂದೊಂದು ಹಾಡು, ಒಂದೊಂದು ಗಾದೆ, ಮಗ್ಗದ ಒಂದೊಂದು ಉಪಕರಣದ ಹೆಸರು ಕೇಳಿ ಬರೆದು ತರಲಿ. ಕನ್ನಡ ಅಕ್ಷರ ಬಾರದವರು ತಮಿಳಕ್ಷರದಲ್ಲಿ ಬರೆದರೂ ಬಾಧಕವಿಲ್ಲ. ಮೊದಲು ಮಾತು ಉಳಿಯಲಿ, ಲಿಪಿಯನ್ನು ಆಮೇಲೆ ಕಲಿಸೋಣ. ಸಂಗ್ರಹಿಸಿದುದನ್ನು ನಂಜರಾಯನ ಕೆರೆಯಂಥ ಜಾಗದಲ್ಲಿ, ಹಕ್ಕಿಗಳಿಗೆ ತೊಂದರೆಯಾಗದ ಹೊತ್ತು ಮತ್ತು ದೂರವನ್ನು ನೋಡಿಕೊಂಡು, ಧ್ವನಿವರ್ಧಕವಿಲ್ಲದೆ ಒಂದು ಸಂಜೆ ಹಾಡಿಸಲಿ. ತಮಿಳು ಮನೆಯ ಮಗು ತಮಿಳಿನಲ್ಲಿ, ತೆಲುಗು ಮನೆಯ ಮಗು ತೆಲುಗಿನಲ್ಲಿ, ಕನ್ನಡ ಮನೆಯ ಮಗು ಕನ್ನಡದಲ್ಲಿ ಹಾಡಿ, ಒಬ್ಬರ ಹಾಡಿನ ಅರ್ಥವನ್ನು ಇನ್ನೊಬ್ಬರಿಗೆ ಹೇಳಲಿ. ಅರ್ಥ ಹೇಳುವ ಹೊಣೆ ಬಂದಾಗ ಮಗು ತನ್ನ ಮಾತನ್ನು ಮೊದಲ ಬಾರಿಗೆ ಬೆಲೆಯುಳ್ಳ ವಸ್ತುವೆಂದು ಕಾಣುತ್ತದೆ.

ಇದರಿಂದ ಭಾಷೆಗಳ ನಡುವೆ ಪೈಪೋಟಿ ಹುಟ್ಟೀತೆಂದು ಅಂಜುವವರಿರಬಹುದು. ಅನ್ನ ಕೊಡುವ ನೆಲದ ಭಾಷೆಯಾದ ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅವಿನಾಶಿಯ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಈ ಅಂಜಿಕೆ ಬಾರದು. ಅಲ್ಲಿ ಒಂದು ಮನೆಯ ಮಗ ಮರಳಿ ಬಂದುದರಿಂದ ಎದುರುಮನೆಯ ಉಪನಯನಕ್ಕೆ ಯಾವ ಕುಂದೂ ಬರಲಿಲ್ಲ. ಬೀದಿಯಲ್ಲಿ ಒಂದು ಮನೆಯ ಅಳು ನಿಂತಿತು, ಅಷ್ಟೆ.

ಉದಕಮಂಡಲದಲ್ಲಿ ಉತ್ಸವ ದೊಡ್ಡದಾಗಿದೆ, ಕೆರೆಯೂ ಜನರ ಮಾತೂ ಕಿರಿದಾಗಿವೆ. ಬೆಂಗಳೂರಿನಲ್ಲಿ ಜನರೂ ಹಬ್ಬವೂ ಉಳಿದಿವೆ, ಕೆರೆ ಹೋಗಿದೆ. ಅವಿನಾಶಿಯಲ್ಲಿ ಕೆರೆ, ಕಥೆ, ಹಾಡು ಮೂರೂ ಒಂದನ್ನೊಂದು ಹಿಡಿದು ನಿಂತಿವೆ. ನಮ್ಮ ಪಾಲಿಗೆ ಕೆರೆಯೊಂದು ಉಳಿದಿದೆ, ಮಾತೂ ಇನ್ನೂ ಮನೆಗಳಲ್ಲಿದೆ, ಹಬ್ಬ ಮಾತ್ರ ಇನ್ನು ಹುಟ್ಟಬೇಕು. ಅದಕ್ಕೆ ದೊಡ್ಡ ವೇದಿಕೆ ಬೇಡ, ಹೂವಿನ ಅರಮನೆಯೂ ಬೇಡ. ಮುಂದಿನ ಬೇಸಿಗೆಯ ರಜೆಗೆ ಶಾಲೆ ಮುಚ್ಚುವ ದಿನ ಉಪಾಧ್ಯಾಯ ಬಂಧುಗಳು ಮಕ್ಕಳಿಗೆ ಒಂದು ಪ್ರಶ್ನೆಯನ್ನು ಕೊಟ್ಟು ಕಳುಹಿಸಿದರೆ ಸಾಕು: ನಿಮ್ಮ ಅಜ್ಜಿ ಯಾವ ಹಾಡು ಹಾಡುತ್ತಾಳೆ, ಅದರ ಅರ್ಥವೇನು?